ಖಾಲಿ ಗೋಳದ ತೂಕ ಎಷ್ಟು?

ಗಾಜಿನ ಒಂದು ಗೋಳ. ಒಳಗೆ ಸುಮಾರು 1.8 ಲೀಟರ್ ಜಾಗ. ಗಾಳಿಯಿಂದ ಆಮ್ಲಜನಕವನ್ನೂ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ತೆಗೆದು, ಉಳಿದ ಸಾರಜನಕವನ್ನು ಅದರಲ್ಲಿ ತುಂಬಿ ತೂಗಿದರೆ, ಒಳಗಿನ ಅನಿಲದ ತೂಕ 2.310 ಗ್ರಾಂ. ಅದೇ ಗೋಳಕ್ಕೆ, ಅದೇ ಉಷ್ಣತೆ, ಅದೇ ಒತ್ತಡದಲ್ಲಿ, ರಾಸಾಯನಿಕಗಳಿಂದ ತಯಾರಿಸಿದ ಸಾರಜನಕ ತುಂಬಿ ತೂಗಿದರೆ 2.299 ಗ್ರಾಂ. ನಡುವಿನ ವ್ಯತ್ಯಾಸ 11 ಮಿಲಿಗ್ರಾಂ. ಇಷ್ಟರ ಹಿಂದೆ ಬಿದ್ದು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲೀ ಎರಡು ವರ್ಷ ಕಳೆದರು. ಕೊನೆಗೆ ಸಿಕ್ಕಿದ್ದು, ಎಲ್ಲರೂ ಪ್ರತಿ ಉಸಿರಿನಲ್ಲೂ ಒಳಗೆಳೆದುಕೊಳ್ಳುತ್ತಿದ್ದ, ಯಾರಿಗೂ ಗೊತ್ತಿಲ್ಲದಿದ್ದ ಒಂದು ಅನಿಲ.

ಈ ಕಥೆಯನ್ನು ಬಹಳ ಜನ ಬಹಳ ರೀತಿಯಲ್ಲಿ ಹೇಳಿದ್ದಾರೆ. ಹೆಚ್ಚಿನವರು ಕೊನೆಯ ಪತ್ತೆಯ ಬಗ್ಗೆ ಬರೆಯುತ್ತಾರೆ. ನನಗೆ ಹಿಡಿಸುವುದು ನಡುವಿನ ಭಾಗ. ನಾನು ನೀರಿನ ಮಾದರಿಗಳಲ್ಲಿ ಲೋಹಗಳ ಅಂಶ ಅಳೆಯುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ನಮ್ಮಲ್ಲಿ ದಿನ ಶುರುವಾಗುವುದೇ ಬ್ಲಾಂಕ್‌ನಿಂದ. ಮಾದರಿಯನ್ನು ಹಾಕದೆ, ಬರೀ ಶುದ್ಧ ನೀರು, ಅದೇ ಆಮ್ಲ, ಅದೇ ಬಾಟಲಿ, ಅದೇ ಪಿಪೆಟ್ ಹಿಡಿದು ಇಡೀ ವಿಧಾನವನ್ನು ಮೊದಲಿಂದ ಕೊನೆಯವರೆಗೆ ಮಾಡಿ ನೋಡುತ್ತೇವೆ. ಏನೂ ಇಲ್ಲದ ಕಡೆ ಯಂತ್ರ ಏನು ತೋರಿಸುತ್ತದೆ ಎಂದು ಗೊತ್ತಿಲ್ಲದಿದ್ದರೆ, ಏನೋ ಇರುವ ಕಡೆ ಅದು ತೋರಿಸಿದ್ದನ್ನು ನಂಬುವಂತಿಲ್ಲ. ಹೊಸದಾಗಿ ಸೇರಿದವರು ರೀಡಿಂಗ್ ತಂದು ತೋರಿಸಿದಾಗ ನಾನು ಮೊದಲು ಕೇಳುವುದೂ ಅದನ್ನೇ: ಬ್ಲಾಂಕ್ ಎಷ್ಟು ಬಂತು? ವಿಜ್ಞಾನದ ಇತಿಹಾಸವನ್ನು ಈ ಪ್ರಶ್ನೆ ಹಿಡಿದು ಓದಿದರೆ ಬೇರೆಯೇ ಥರ ಕಾಣುತ್ತದೆ.

ರೇಲೀ ಸಾರಜನಕದಿಂದ ಶುರು ಮಾಡಿದವರಲ್ಲ. ಜಲಜನಕದ ಪರಮಾಣುವಿಗಿಂತ ಆಮ್ಲಜನಕದ ಪರಮಾಣು ಸರಿಯಾಗಿ 16 ಪಟ್ಟು ಭಾರವೋ ಅಥವಾ ಸ್ವಲ್ಪ ಹೆಚ್ಚುಕಡಿಮೆಯೋ ಎಂಬುದು ಅವರ ಪ್ರಶ್ನೆ. ಅದಕ್ಕಾಗಿ ಅನಿಲಗಳನ್ನು ಅತ್ಯಂತ ನಿಖರವಾಗಿ ತೂಗಬೇಕಿತ್ತು. ಅನಿಲ ತೂಗುವುದೆಂದರೆ ಗೋಳವನ್ನು ಎರಡು ಸಲ ತೂಗುವುದು: ಒಮ್ಮೆ ನಿರ್ವಾತ ಮಾಡಿ, ಒಮ್ಮೆ ಅನಿಲ ತುಂಬಿ. ಹೊರಗಿನ ಗಾಳಿ ಗೋಳವನ್ನು ಸ್ವಲ್ಪ ಮೇಲಕ್ಕೆತ್ತುತ್ತದೆ. ಗಾಳಿಯ ಒತ್ತಡ ಬದಲಾದರೆ ಆ ಎತ್ತುವಿಕೆಯೂ ಬದಲಾಗುತ್ತದೆ. ಅದಕ್ಕೆ ತಕ್ಕಡಿಯ ಇನ್ನೊಂದು ಕಡೆ ಅಷ್ಟೇ ಗಾತ್ರದ ಮತ್ತೊಂದು ಗೋಳವನ್ನು ಮುಚ್ಚಿ ತೂಗುಹಾಕುತ್ತಿದ್ದರು.

ಅಷ್ಟಾದರೂ ಒಂದು ಸೂಕ್ಷ್ಮ ಉಳಿದಿತ್ತು. ಗೋಳದೊಳಗಿನ ಗಾಳಿ ತೆಗೆದಾಗ ಹೊರಗಿನ ಒತ್ತಡಕ್ಕೆ ಗಾಜು ಕಣ್ಣಿಗೆ ಕಾಣದಷ್ಟು ಕುಗ್ಗುತ್ತದೆ. ಕುಗ್ಗಿದ ಗೋಳ ಕಡಿಮೆ ಗಾಳಿಯನ್ನು ಸರಿಸುತ್ತದೆ, ಹಾಗಾಗಿ ಇರಬೇಕಾದದ್ದಕ್ಕಿಂತ ಸ್ವಲ್ಪ ಭಾರವಾಗಿ ತೂಗುತ್ತದೆ. ತಪ್ಪು ಒಂದು ಮಿಲಿಗ್ರಾಂಗೂ ಕಡಿಮೆ. ಆದರೆ ಇಡೀ ಗೋಳದ ತುಂಬ ಜಲಜನಕ ತುಂಬಿದರೂ ಅದರ ತೂಕ 0.16 ಗ್ರಾಂ ಅಷ್ಟೇ, ಹಾಗಾಗಿ ಆ ತಪ್ಪನ್ನು ಬಿಡುವಂತಿಲ್ಲ. ಹಿಂದಿನ ಎಷ್ಟೋ ನುರಿತವರ ಲೆಕ್ಕದಲ್ಲಿ ಇದು ಬಿಟ್ಟುಹೋಗಿತ್ತು. ಖಾಲಿ ಗೋಳ ನಿಜಕ್ಕೂ ಎಷ್ಟು ತೂಗುತ್ತದೆ ಎಂದು ಕೇಳಿಕೊಂಡವರು ಕಡಿಮೆ. ಇದನ್ನು ಮೊದಲು ಓದಿದಾಗ ನನಗೆ ಬಹಳ ಹೊತ್ತು ಬೇರೆ ಏನೂ ಓದಲಾಗಲಿಲ್ಲ.

ಸಾರಜನಕದ ಸರದಿ ಬಂದಾಗ ರೇಲೀ ಮೊದಲು ಆರಿಸಿಕೊಂಡದ್ದು ಅಮೋನಿಯಾ ವಿಧಾನ. ಗಾಳಿಯನ್ನು ಅಮೋನಿಯಾ ದ್ರಾವಣದ ಮೂಲಕ ಗುಳ್ಳೆಯೇಳಿಸಿ, ಕೆಂಪಗೆ ಕಾದ ತಾಮ್ರದ ಕೊಳವೆಯಲ್ಲಿ ಹಾಯಿಸುವುದು. ಗಾಳಿಯ ಆಮ್ಲಜನಕ ಅಮೋನಿಯಾದ ಜಲಜನಕವನ್ನು ಹಿಡಿದು ನೀರಾಗುತ್ತದೆ, ಸಾರಜನಕ ಉಳಿಯುತ್ತದೆ. ಸಲ ಸಲಕ್ಕೂ ತೂಕ ಒಂದಕ್ಕೊಂದು ಸರಿಯಾಗಿ ಹೊಂದಿತು. ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಕೆಲಸ ಮುಗಿಸಿ ಪ್ರಕಟಿಸುತ್ತಿದ್ದರು. ರೇಲೀ ಮಾತ್ರ, ಒಂದೇ ವಿಧಾನ ಸಾಲದು ಎಂದು, ಹಳೆಯ ಕ್ರಮದಲ್ಲಿ ಗಾಳಿಯನ್ನು ನೇರವಾಗಿ ಕಾದ ತಾಮ್ರದ ಮೇಲೆ ಹಾಯಿಸಿಯೂ ನೋಡಿದರು. ಆ ತೂಕಗಳೂ ತಮ್ಮತಮ್ಮಲ್ಲಿ ಚೆನ್ನಾಗಿ ಹೊಂದಿದವು. ಆದರೆ ಮೊದಲಿನ ಗುಂಪಿಗಿಂತ ಸಾವಿರದಲ್ಲಿ ಒಂದು ಪಾಲು ಭಾರ.

ಸಾವಿರದಲ್ಲಿ ಒಂದು! ಹೆಚ್ಚಿನ ಕೆಲಸಗಳಿಗೆ ಇದು ಲೆಕ್ಕಕ್ಕೇ ಇಲ್ಲ. ಎರಡರ ಸರಾಸರಿ ತೆಗೆದು ಮುಂದೆ ಹೋಗಬಹುದಿತ್ತು. ರೇಲೀ 1892ರ ಸೆಪ್ಟೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಗೆ ಒಂದು ಸಣ್ಣ ಪತ್ರ ಬರೆದು, ಈ ವ್ಯತ್ಯಾಸದಿಂದ ತಮಗೆ ತಲೆಬುಡ ತಿಳಿಯುತ್ತಿಲ್ಲ, ರಸಾಯನ ಬಲ್ಲ ಓದುಗರು ಏನಾದರೂ ಕಾರಣ ಸೂಚಿಸಿದರೆ ಉಪಕಾರವಾಗುತ್ತದೆ ಎಂದು ಬಹಿರಂಗವಾಗಿ ಕೇಳಿದರು. ಆ ಹೊತ್ತಿಗಾಗಲೇ ಅವರು ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದವರು, ದೇಶದ ದೊಡ್ಡ ಭೌತವಿಜ್ಞಾನಿಗಳಲ್ಲಿ ಒಬ್ಬರು. ಅಂಥವರು ನನಗೆ ಗೊತ್ತಾಗುತ್ತಿಲ್ಲ ಎಂದು ಮುದ್ರಿಸಿ ಕೇಳಿದ್ದು ನನಗೆ ಅವರ ಇಡೀ ಸಾಧನೆಯಷ್ಟೇ ದೊಡ್ಡದಾಗಿ ಕಾಣುತ್ತದೆ.

ಆಮೇಲೆ ಅವರು ಮಾಡಿದ್ದನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ವ್ಯತ್ಯಾಸ ಕಂಡಾಗ ಸಹಜವಾಗಿ ಎಲ್ಲರೂ ಅದನ್ನು ಕಡಿಮೆ ಮಾಡಲು ನೋಡುತ್ತಾರೆ. ರೇಲೀ ಅದನ್ನು ದೊಡ್ಡದು ಮಾಡಲು ನೋಡಿದರು.

ಅಮೋನಿಯಾ ವಿಧಾನದಲ್ಲಿ ಬಂದ ಸಾರಜನಕ ಎಲ್ಲಿಂದ ಬಂದದ್ದು ಎಂದು ಲೆಕ್ಕ ಹಾಕಿ ನೋಡಿ. ಆಮ್ಲಜನಕಕ್ಕಾಗಿ ಗಾಳಿಯನ್ನು ಬಳಸಿದ್ದರಿಂದ, ಅದರ ಜೊತೆಗೇ ಗಾಳಿಯ ಸಾರಜನಕವೂ ರಾಶಿಯಾಗಿ ಬಂತು. ಕೊನೆಗೆ ಗೋಳ ಸೇರಿದ್ದರಲ್ಲಿ ಏಳರಲ್ಲಿ ಒಂದು ಪಾಲು ಮಾತ್ರ ಅಮೋನಿಯಾದ್ದು, ಉಳಿದ ಆರು ಪಾಲು ಗಾಳಿಯದೇ. ಅಂದರೆ ಅವರು ಗಾಳಿಯ ಸಾರಜನಕವನ್ನು ಹೋಲಿಸುತ್ತಿದ್ದದ್ದು ಬಹುಪಾಲು ಗಾಳಿಯ ಸಾರಜನಕದ ಜೊತೆಗೇ. ಹೀಗಿರುವಾಗ ವ್ಯತ್ಯಾಸ ಸಣ್ಣದಾಗಿ ಕಂಡದ್ದರಲ್ಲಿ ಆಶ್ಚರ್ಯವೇನಿದೆ? ಗಾಳಿಯ ಬದಲು ಶುದ್ಧ ಆಮ್ಲಜನಕ ಬಳಸಿ, ಸಾರಜನಕವೆಲ್ಲ ಅಮೋನಿಯಾದಿಂದಲೇ ಬರುವಂತೆ ಮಾಡಿದರು. ಸಾವಿರದಲ್ಲಿ ಒಂದಿದ್ದ ವ್ಯತ್ಯಾಸ ಇನ್ನೂರರಲ್ಲಿ ಒಂದಾಯಿತು.

ಇನ್ನು ಅದು ತಕ್ಕಡಿಯ ತಪ್ಪಾಗಿರಲು ಸಾಧ್ಯವಿರಲಿಲ್ಲ. ಹಗುರ ಸಾರಜನಕದಲ್ಲಿ ಜಲಜನಕ ಸೇರಿಕೊಂಡಿದೆಯೇ ಎಂದು ಅನುಮಾನಿಸಿದರು. ಬೇಕೆಂದೇ ಜಲಜನಕ ಬೆರೆಸಿ, ತಮ್ಮ ಶುದ್ಧೀಕರಣದಲ್ಲಿ ಅದು ಪೂರ್ತಿ ಹೋಗುತ್ತದೆ ಎಂದು ಖಚಿತಪಡಿಸಿಕೊಂಡರು. ಹಗುರ ಸಾರಜನಕದ ಅಣುಗಳು ಒಡೆದಿರಬಹುದೇ ಎಂದು ಎಂಟು ತಿಂಗಳು ಇಟ್ಟು ಮತ್ತೆ ತೂಗಿದರು. ಏನೂ ಬದಲಾಗಲಿಲ್ಲ. ನೈಟ್ರಿಕ್ ಆಕ್ಸೈಡ್‌ನಿಂದ ತೆಗೆದ ಸಾರಜನಕ 2.3001 ಗ್ರಾಂ, ನೈಟ್ರಸ್ ಆಕ್ಸೈಡ್‌ನಿಂದ 2.2990, ಅಮೋನಿಯಂ ನೈಟ್ರೈಟ್‌ನಿಂದ 2.2987. ಗಾಳಿಯಿಂದ ತಾಮ್ರ ಬಳಸಿ ತೆಗೆದರೆ 2.3103, ಕಬ್ಬಿಣ ಬಳಸಿ ತೆಗೆದರೆ 2.3100. ಎರಡು ಗುಂಪು, ನಡುವೆ ಖಾಲಿ. ಸಂಖ್ಯಾಶಾಸ್ತ್ರದ ಪಾಠಗಳಲ್ಲಿ ಈ ಅಂಕಿಗಳನ್ನು ಇವತ್ತಿಗೂ ಕೊಡುತ್ತಾರೆ: ಸರಾಸರಿ ಮಾತ್ರ ನೋಡಿದರೆ ಏನೂ ಕಾಣದು, ಗೆರೆಯ ಮೇಲೆ ಚುಕ್ಕಿ ಇಟ್ಟು ನೋಡಿದರೆ ಒಡನೆಯೇ ಕಾಣುತ್ತದೆ.

ಉತ್ತರದ ಒಂದು ತುಂಡು ನೂರು ವರ್ಷಗಳಿಂದ ಪುಸ್ತಕದಲ್ಲೇ ಇತ್ತು. ಹೆನ್ರಿ ಕ್ಯಾವೆಂಡಿಶ್ 1785ರಲ್ಲಿ ಗಾಳಿಗೆ ಆಮ್ಲಜನಕ ಸೇರಿಸಿ, ವಿದ್ಯುತ್ ಕಿಡಿ ಹಾಯಿಸುತ್ತ, ಆಗುವ ಸಂಯುಕ್ತವನ್ನು ಕ್ಷಾರದಲ್ಲಿ ಹೀರಿಸುತ್ತ ಹೋಗಿದ್ದರು. ಕೊನೆಗೂ ಒಂದು ಪುಟ್ಟ ಗುಳ್ಳೆ ಕರಗದೆ ಉಳಿಯಿತು. ಅದು ಒಟ್ಟು ಸಾರಜನಕದ 120ರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ ಎಂದು ಬರೆದಿಟ್ಟರು. ಇವತ್ತಿನ ಲೆಕ್ಕದಲ್ಲಿ ಅದು ಸುಮಾರು 84ರಲ್ಲಿ ಒಂದು. ಕೈಯಿಂದ ತಿರುಗಿಸುವ ವಿದ್ಯುತ್ ಯಂತ್ರ ಇಟ್ಟುಕೊಂಡು ಅಷ್ಟು ಹತ್ತಿರ ಬಂದಿದ್ದರು. ಆ ಸಾಲನ್ನು ಓದಿದವರು ಎಷ್ಟೋ ಜನ. ಅದು ಉಪಕರಣದ ಮಿತಿ ಎಂದೇ ಎಲ್ಲರೂ ಅಂದುಕೊಂಡರು.

ರೇಲೀ ಕ್ಯಾವೆಂಡಿಶ್‌ರ ಕಿಡಿಯ ದಾರಿ ಹಿಡಿದರು. ಲಂಡನ್ನಿನ ವಿಲಿಯಂ ರಾಮ್ಸೆ ಕಾದ ಮೆಗ್ನೀಸಿಯಂ ಮೇಲೆ ಗಾಳಿಯ ಸಾರಜನಕವನ್ನು ಮತ್ತೆ ಮತ್ತೆ ಹಾಯಿಸಿದರು. ಮೆಗ್ನೀಸಿಯಂ ಸಾರಜನಕವನ್ನು ನುಂಗುತ್ತ ಹೋದಂತೆ ಉಳಿದ ಅನಿಲ ಭಾರವಾಗುತ್ತ ಹೋಯಿತು. ಜಲಜನಕಕ್ಕಿಂತ 14 ಪಟ್ಟು ಭಾರವಿದ್ದದ್ದು 20 ಪಟ್ಟಿನ ಹತ್ತಿರಕ್ಕೆ ಬಂತು. ಅದರ ರೋಹಿತ, ಅಂದರೆ ಅದು ಹೊಮ್ಮಿಸುವ ಬೆಳಕಿನ ಬಣ್ಣಗೆರೆಗಳು, ಗೊತ್ತಿದ್ದ ಯಾವ ಅನಿಲಕ್ಕೂ ಹೊಂದಲಿಲ್ಲ. 1894ರ ಆಗಸ್ಟ್‌ನಲ್ಲಿ ಆಕ್ಸ್‌ಫರ್ಡ್‌ನ ಸಭೆಯೊಂದರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದರು. ಅದೇ ಆರ್ಗಾನ್. ರಷ್ಯಾದ ರಸಾಯನ ವಿಜ್ಞಾನಿ ಮೆಂಡಲೀವ್ ಕೂಡ ಮೊದಲಿಗೆ ಒಪ್ಪಲಿಲ್ಲ, ಮೂರು ಪರಮಾಣುಗಳ ಸಾರಜನಕ ಇರಬಹುದು ಎಂದರು. ಅವರ ಆವರ್ತ ಕೋಷ್ಟಕದಲ್ಲಿ ಈ ಅನಿಲಕ್ಕೆ ಜಾಗವೇ ಇರಲಿಲ್ಲ. ನಂತರ ಕೋಷ್ಟಕಕ್ಕೇ ಹೊಸ ಕಂಬಸಾಲು ಸೇರಿತು. 1904ರಲ್ಲಿ ರೇಲೀಗೆ ಭೌತವಿಜ್ಞಾನದ, ರಾಮ್ಸೆಗೆ ರಸಾಯನ ವಿಜ್ಞಾನದ ನೊಬೆಲ್ ಬಂತು.

ಗಾಳಿಯಲ್ಲಿ ಆರ್ಗಾನ್ ಇರುವುದು 0.93%. ಇಂಗಾಲದ ಡೈಆಕ್ಸೈಡ್‌ಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಒಂದು ಸಾಮಾನ್ಯ ಉಸಿರಿನಲ್ಲಿ ಐದು ಮಿಲಿಲೀಟರ್‌ನಷ್ಟು ಆರ್ಗಾನ್ ಒಳಗೆ ಹೋಗಿ ಏನೂ ಮಾಡದೆ ಹೊರಗೆ ಬರುತ್ತದೆ.

ಹಾಗಂತ ಪ್ರತಿ ವ್ಯತ್ಯಾಸದ ಹಿಂದೆಯೂ ಹೊಸ ಅನಿಲ ಅಡಗಿ ಕೂತಿಲ್ಲ. ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. 2011ರಲ್ಲಿ ಇಟಲಿಯ ಗ್ರಾನ್ ಸಾಸ್ಸೊ ಬೆಟ್ಟದಡಿಯ ಒಪೆರಾ ಪ್ರಯೋಗದವರು, 730 ಕಿಲೋಮೀಟರ್ ದೂರದ ಸೆರ್ನ್ ಪ್ರಯೋಗಾಲಯದಿಂದ ಹೊರಟ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮೊದಲೇ ಬಂದು ತಲುಪುತ್ತಿವೆ ಎಂದು ಕಂಡುಕೊಂಡರು. ತಿಂಗಳುಗಟ್ಟಲೆ ಹುಡುಕಿದರೂ ತಪ್ಪು ಸಿಗದಾಗ, ರೇಲೀಯವರ ಹಾಗೆಯೇ, ಪ್ರಪಂಚದ ಮುಂದಿಟ್ಟು ನೀವೂ ನೋಡಿ ಎಂದರು. ಮರುವರ್ಷ ಕಾರಣ ಸಿಕ್ಕಿತು: ಸಮಯ ಒಯ್ಯುವ ಒಂದು ಫೈಬರ್ ಕೇಬಲ್‌ನ ಕನೆಕ್ಟರ್ ಪೂರ್ತಿ ಬಿಗಿಯಾಗಿ ಕೂತಿರಲಿಲ್ಲ. ಆ ಗುಂಪನ್ನು ಆಗ ಬಹಳ ಜನ ಗೇಲಿ ಮಾಡಿದರು. ನನಗೆ ಅದು ಇಂದಿಗೂ ಸರಿ ಅನ್ನಿಸುವುದಿಲ್ಲ. ಆರ್ಗಾನ್ ಆಗಲಿ, ಸಡಿಲ ಕನೆಕ್ಟರ್ ಆಗಲಿ, ಸಿಗುವುದು ಒಂದೇ ದಾರಿಯಲ್ಲಿ ಹುಡುಕಿದಾಗ.

ಗಾಳಿಯಲ್ಲಿ ಇಷ್ಟೊಂದು ಆರ್ಗಾನ್ ಎಲ್ಲಿಂದ ಬಂತು? ಬಹುತೇಕ ಎಲ್ಲವೂ ಬಂಡೆಗಳೊಳಗಿನ ಪೊಟ್ಯಾಸಿಯಂ-40 ಎಂಬ ವಿಕಿರಣಶೀಲ ಪೊಟ್ಯಾಸಿಯಂ ಕ್ಷಯಿಸಿ ಬಂದದ್ದು. ಅದರ ಅರ್ಧಾಯುಷ್ಯ, ಅಂದರೆ ಅರ್ಧ ಪಾಲು ಕ್ಷಯಿಸಲು ಹಿಡಿಯುವ ಕಾಲ, 125 ಕೋಟಿ ವರ್ಷ. ಅಂದರೆ ನಾವು ಉಸಿರಾಡುವ ಆರ್ಗಾನ್ ಭೂಮಿಯ ವಯಸ್ಸಿನುದ್ದಕ್ಕೂ ಕೂಡಿಟ್ಟ ಗಂಟು. ಆ ವಯಸ್ಸನ್ನು ಅಳೆಯಲು ಹೊರಟವರ ಕಥೆಯೂ ಮತ್ತೆ ಬ್ಲಾಂಕ್‌ನ ಕಥೆಯೇ.

1948ರ ಸುಮಾರಿಗೆ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಕ್ಲೇರ್ ಪ್ಯಾಟರ್‌ಸನ್ ಎಂಬ ಯುವ ವಿಜ್ಞಾನಿಗೆ ಒಂದು ಕೆಲಸ ಸಿಕ್ಕಿತು. ಜಿರ್ಕಾನ್ ಎಂಬ ಖನಿಜದ ಹರಳು ಕಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಅದರೊಳಗೆ ಈಗ ಸೀಸವಿದ್ದರೆ ಅದು ಯುರೇನಿಯಂ ಕ್ಷಯಿಸಿ ಆದದ್ದು. ಎರಡರ ಪ್ರಮಾಣ ಅಳೆದರೆ ವಯಸ್ಸು ಸಿಗುತ್ತದೆ. ಯುರೇನಿಯಂ ಅಳೆಯುತ್ತಿದ್ದ ಜೊತೆಗಾರ ಜಾರ್ಜ್ ಟಿಲ್ಟನ್‌ರ ಅಂಕಿಗಳು ಸರಿಯಾಗಿ ಕೂಡಿ ಬಂದವು. ಪ್ಯಾಟರ್‌ಸನ್‌ರ ಸೀಸ ಮಾತ್ರ ಪ್ರತಿ ಸಲವೂ ಇರಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು.

ಸೀಸ ಕಲ್ಲಿನಿಂದ ಬರುತ್ತಿರಲಿಲ್ಲ. ನೀರಿನಿಂದ, ಗಾಜಿನಿಂದ, ಆಮ್ಲದಿಂದ, ಗೋಡೆಯ ಬಣ್ಣದಿಂದ, ಧೂಳಿನಿಂದ, ಕೆಲಸ ಮಾಡುವವರ ಕೂದಲು ಮತ್ತು ಚರ್ಮದಿಂದ ಬರುತ್ತಿತ್ತು. ಪ್ಯಾಟರ್‌ಸನ್ ಒಂದೊಂದನ್ನೇ ಹಿಡಿದು ಅಳೆದರು. ಪಾತ್ರೆಗಳನ್ನು ಆಮ್ಲದಲ್ಲಿ ಮತ್ತೆ ಮತ್ತೆ ಕುದಿಸಿದರು, ಆಮ್ಲವನ್ನೇ ಮತ್ತೆ ಮತ್ತೆ ಬಟ್ಟಿ ಇಳಿಸಿದರು. ನಂತರ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಗೆ ಹೋದಾಗ, ಸೋಸಿದ ಗಾಳಿಯನ್ನು ಒಳಗಿನಿಂದ ಹೊರಗೆ ತಳ್ಳುವ, ಮೈಯೆಲ್ಲ ಮುಚ್ಚುವ ಉಡುಪು ತೊಟ್ಟು ಒಳಹೋಗಬೇಕಾದ ಕೋಣೆ ಕಟ್ಟಿಸಿದರು. ಇವತ್ತು ನಾವು ಕ್ಲೀನ್ ರೂಮ್ ಅನ್ನುವುದರ ಮೊದಲ ಮಾದರಿಗಳಲ್ಲಿ ಅದೂ ಒಂದು. 1953ರಲ್ಲಿ, ಭೂಮಿ ಹುಟ್ಟಿದ ಕಾಲದ್ದೇ ಆದ, ಅರಿಜೋನಾದ ಕ್ಯಾನ್ಯನ್ ಡಯಾಬ್ಲೊ ಉಲ್ಕೆಯ ತುಣುಕಿನಿಂದ ತೆಗೆದ ಸೀಸವನ್ನು ಅಮೆರಿಕದ ಅರ್‌ಗಾನ್ ರಾಷ್ಟ್ರೀಯ ಪ್ರಯೋಗಾಲಯದ (ಹೆಸರು ಹೋಲುತ್ತದೆ, ಅನಿಲಕ್ಕೆ ಸಂಬಂಧವಿಲ್ಲ) ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ, ಅಂದರೆ ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಅಳೆಯುವ ಯಂತ್ರದಲ್ಲಿ, ಅಳೆದರು. ಭೂಮಿಯ ವಯಸ್ಸಿಗೆ 1956ರಲ್ಲಿ ಪ್ರಕಟವಾದ ಉತ್ತರ 455 ಕೋಟಿ ವರ್ಷ, ಹೆಚ್ಚುಕಡಿಮೆ 7 ಕೋಟಿ. ಎಪ್ಪತ್ತು ವರ್ಷ ಕಳೆದರೂ ಆ ಅಂಕಿ ಹೆಚ್ಚೇನೂ ಅಲುಗಾಡಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೂ ಸಾಕಿತ್ತು. ಆದರೆ ಪ್ಯಾಟರ್‌ಸನ್‌ರನ್ನು ಕಾಡಿದ ಪ್ರಶ್ನೆ ಬೇರೆ: ನನ್ನ ಕೋಣೆಯೊಳಗೆ ಇಷ್ಟು ಸೀಸ ಬಂದದ್ದಾದರೂ ಎಲ್ಲಿಂದ? ಸಮುದ್ರದ ನೀರು ತೆಗೆದು ನೋಡಿದರು. ಮೇಲ್ಪದರದಲ್ಲಿ ಆಳಕ್ಕಿಂತ ಎಷ್ಟೋ ಹೆಚ್ಚು ಸೀಸ. ಮೇಲೆ ಬಿದ್ದದ್ದು ಇನ್ನೂ ಕೆಳಗಿಳಿಯಲು ಸಮಯವಾಗಿಲ್ಲ, ಅಂದರೆ ಇತ್ತೀಚೆಗೆ ಬಿದ್ದದ್ದು. ಗ್ರೀನ್‌ಲ್ಯಾಂಡ್‌ನ ಹಿಮವನ್ನು ಪದರ ಪದರವಾಗಿ ಕೊರೆದು ಅಳೆದು 1969ರಲ್ಲಿ ಸಹೋದ್ಯೋಗಿಗಳಾದ ಮುರೊಜುಮಿ ಮತ್ತು ಚೌ ಅವರೊಂದಿಗೆ ಪ್ರಕಟಿಸಿದರು: ಕ್ರಿಸ್ತಪೂರ್ವ 800ರ ಹಿಮಕ್ಕೂ 1965ರ ಹಿಮಕ್ಕೂ ನಡುವೆ ಸೀಸ ಇನ್ನೂರು ಪಟ್ಟಿನಷ್ಟು ಏರಿತ್ತು, ಅದರಲ್ಲೂ 1940ರ ನಂತರ ಏರಿಕೆ ಕಡಿದಾಗಿತ್ತು. ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರೆ ಎಂಜಿನ್ ಬಡಿತ ನಿಲ್ಲುತ್ತದೆ ಎಂದು ಥಾಮಸ್ ಮಿಜ್ಲಿ 1921ರಲ್ಲಿ ಕಂಡುಹಿಡಿದಿದ್ದರು. ಪ್ರತಿ ಕಾರಿನ ಹೊಗೆಯಲ್ಲೂ ಸೀಸವಿತ್ತು.

ಪೆಟ್ರೋಲ್ ಉದ್ಯಮದ ಪರ ನಿಂತ ವೈದ್ಯ ರಾಬರ್ಟ್ ಕೀಹೋ ಅವರ ವಾದ ಕೇಳಲು ಸರಿಯಾಗಿಯೇ ಇತ್ತು. ಸೀಸದ ಜೊತೆ ಕೆಲಸ ಮಾಡುವವರನ್ನೂ ಮಾಡದವರನ್ನೂ ಪರೀಕ್ಷಿಸಿದ್ದೇವೆ, ಎರಡೂ ಗುಂಪಿನವರ ಮೈಯಲ್ಲಿ ಸೀಸವಿದೆ, ಆದ್ದರಿಂದ ಸ್ವಲ್ಪ ಸೀಸ ಮನುಷ್ಯನಿಗೆ ಸಹಜ. ಇದನ್ನು ಓದಿದಾಗ ನನಗೆ ರೇಲೀಯವರ ಅಮೋನಿಯಾ ಕೊಳವೆ ಕಣ್ಣಮುಂದೆ ಬರುತ್ತದೆ. ಸೀಸ ಮುಟ್ಟದವರು ಎಂದುಕೊಂಡವರೂ ಅದೇ ಗಾಳಿ ಉಸಿರಾಡುತ್ತಿದ್ದರು. 1965ರಲ್ಲಿ ಪ್ಯಾಟರ್‌ಸನ್ ಬರೆದದ್ದರ ತಿರುಳು ಇದೇ: ಎಲ್ಲರಲ್ಲೂ ಇದೆ ಎಂದ ಮಾತ್ರಕ್ಕೆ ಅದು ಸಹಜವಲ್ಲ. ಆ ಲೇಖನದ ನಂತರ ಅವರಿಗೆ ಬರುತ್ತಿದ್ದ ಸಂಶೋಧನಾ ಹಣ ಕೈತಪ್ಪಿತು. 1971ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಗಾಳಿಯ ಸೀಸದ ಬಗ್ಗೆ ಸಮಿತಿ ಮಾಡಿದಾಗ, ಆ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದಿದ್ದ ಈ ಮನುಷ್ಯನನ್ನು ಸೇರಿಸಿಕೊಳ್ಳಲಿಲ್ಲ. ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ.

ಅಮೆರಿಕದಲ್ಲಿ ಪೆಟ್ರೋಲಿನ ಸೀಸ ಇಳಿಸುತ್ತ ಬಂದಂತೆ 1976ರಿಂದ 1980ರ ನಡುವೆ ಜನರ ರಕ್ತದ ಸೀಸವೂ ಸರಾಸರಿ 37% ಇಳಿಯಿತು. 1996ರಲ್ಲಿ ಅಲ್ಲಿ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ ಪೂರ್ತಿ ನಿಂತಿತು. ಜಗತ್ತಿನಲ್ಲಿ ಕೊನೆಗೆ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ.

ಪ್ಯಾಟರ್‌ಸನ್‌ರ ಕೆಲಸಗಳಲ್ಲಿ ನನ್ನ ಸಹೋದ್ಯೋಗಿಗಳಿಗೆ ನಾನು ಹೆಚ್ಚು ಸಲ ಹೇಳಿರುವುದು ಮಾತ್ರ ಭೂಮಿಯ ವಯಸ್ಸಿನದ್ದಲ್ಲ, ಟ್ಯೂನಾ ಮೀನಿನದ್ದು. ಆಗ ಡಬ್ಬಿಗಳ ಅಂಚನ್ನು ಸೀಸದ ಬೆಸುಗೆಯಿಂದ ಮುಚ್ಚುತ್ತಿದ್ದರು. ಬೆಸುಗೆಯ ಸೀಸ ಮೀನಿಗೆ ಇಳಿಯುತ್ತದೆಯೇ ಎಂದು ನೋಡಲು ತಾಜಾ ಮೀನನ್ನೂ ಡಬ್ಬಿಯ ಮೀನನ್ನೂ ಹೋಲಿಸಬೇಕು. ಅಮೆರಿಕದ ಸರ್ಕಾರಿ ಮೀನುಗಾರಿಕೆ ಇಲಾಖೆಯ ಅಳತೆಯಲ್ಲಿ ತಾಜಾ ಮೀನಿನಲ್ಲೇ ಗ್ರಾಂಗೆ 400 ನ್ಯಾನೊಗ್ರಾಂ ಸೀಸ. ಸಮುದ್ರದಿಂದಲೇ ಇಷ್ಟು ಬರುತ್ತಿದ್ದರೆ ಡಬ್ಬಿಯನ್ನು ದೂರುವುದು ಹೇಗೆ? ಡೊರತಿ ಸೆಟಲ್ ಮತ್ತು ಪ್ಯಾಟರ್‌ಸನ್ ತಮ್ಮ ಸ್ವಚ್ಛ ಕೋಣೆಯಲ್ಲಿ ತಾಜಾ ಮೀನಿನ ಮಾಂಸ ಅಳೆದು 1980ರಲ್ಲಿ ಪ್ರಕಟಿಸಿದರು: 0.3 ನ್ಯಾನೊಗ್ರಾಂ. ಉಳಿದದ್ದೆಲ್ಲ ಅಳೆಯುವ ಪ್ರಯೋಗಾಲಯದ್ದೇ ಸೀಸ. ಬೆಸುಗೆ ಹಾಕಿದ ಡಬ್ಬಿಯ ಮೀನಿನಲ್ಲಿ ಅವರಿಗೆ ಸಿಕ್ಕಿದ್ದು ಸುಮಾರು 1400. 400ರ ಜೊತೆ ಹೋಲಿಸಿದರೆ ಮೂರೂವರೆ ಪಟ್ಟು, 0.3ರ ಜೊತೆ ಹೋಲಿಸಿದರೆ ನಾಲ್ಕು ಸಾವಿರ ಪಟ್ಟಿಗೂ ಹೆಚ್ಚು. 1991ರ ಹೊತ್ತಿಗೆ ಅಮೆರಿಕದ ಡಬ್ಬಿ ತಯಾರಕರು ಸೀಸದ ಬೆಸುಗೆ ಬಿಟ್ಟರು. 1995ರಲ್ಲಿ ಅಲ್ಲಿನ ಸರ್ಕಾರ ಆಹಾರದ ಡಬ್ಬಿಗಳಿಗೆ ಅದನ್ನು ನಿಷೇಧಿಸಿತು.